ಬಿದಿರಿನ ಪ್ಯಾನೆಲ್‌ಗೆ ಮನೆಯ ಭಾರ ಹೊರಿಸಬಹುದಾ?

ಮೆಳೆನೆರಳು:

ಎರಡು ಅಂತಸ್ತಿನ ಪುಟ್ಟ ಮನೆಯೊಂದರ ನಕ್ಷೆ ಮಾಡುತ್ತಿದ್ದೇನೆ. ಗೋಡೆಗೂ ಮೇಲಿನ ಮಹಡಿಯ ನೆಲಕ್ಕೂ ಬಿದಿರಿನ ಪ್ಯಾನೆಲ್ ಬಳಸಬೇಕು ಅಂತ ಆಸೆ. ಅಂದಕ್ಕೆ ಮೇಲೆ ಅಂಟಿಸುವ ಹಾಳೆಯಲ್ಲ, ನಿಜವಾಗಿ ಭಾರ ಹೊರುವ ಹಲಗೆ.

ಆಸೆಗೆ ಕಾರಣ ಸರಳ. ಮರ ತೊಲೆಯ ಗಾತ್ರಕ್ಕೆ ಬೆಳೆಯಲು ದಶಕಗಳು ಬೇಕು. ಬಿದಿರಿನ ಗಳ ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಹೋಗುತ್ತದೆ. ಮೂರರಿಂದ ಐದು ವರ್ಷಕ್ಕೆ ಬಲಿತು ಕಡಿಯಲು ಬರುತ್ತದೆ. ಕಡಿದರೂ ಬೇರು ಉಳಿಯುತ್ತದೆ, ಮುಂದಿನ ಮಳೆಗೆ ಮತ್ತೆ ಕಳಲೆ ಏಳುತ್ತದೆ. ಇಂಥ ಗಿಡ ಇರುವಾಗ ಎಲ್ಲದಕ್ಕೂ ಸಿಮೆಂಟು, ಉಕ್ಕು ಯಾಕೆ ಅನಿಸುತ್ತದೆ ಅಲ್ವಾ?

ಆದರೆ ಪ್ಯಾನೆಲ್ ಮಾರುವವರ ಹಾಳೆಗಳನ್ನು ಓದಿದಷ್ಟೂ ಅನುಮಾನ ಜಾಸ್ತಿ ಆಗುತ್ತಿದೆ. ಎಲ್ಲರೂ ‘ಉಕ್ಕಿಗಿಂತ ಗಟ್ಟಿ’ ಅಂತಾರೆ. ಅಂಟು ಯಾವುದು, ನೀರು ತಾಗಿದರೆ ಏನಾಗುತ್ತದೆ, ಬೆಂಕಿ ಬಿದ್ದರೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಯಾರೂ ಹೇಳುವುದಿಲ್ಲ. ಇದರಲ್ಲಿ ಕೆಲಸ ಮಾಡಿದವರು ಇದ್ದರೆ ಬಿಡಿಸಿ ಹೇಳಿ.

ತೊಲೆಲೆಕ್ಕ:

ಕಟ್ಟಡಗಳ ಬಲ ಲೆಕ್ಕ ಹಾಕುವುದೇ ನನ್ನ ಕೆಲಸ. ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ‘ಬಿದಿರಿನ ಪ್ಯಾನೆಲ್’ ಅಂತ ಒಂದೇ ವಸ್ತು ಇಲ್ಲ.

ಗಳವನ್ನು ಉದ್ದಕ್ಕೆ ಸೀಳಿ, ಹೊರಗಿನ ಹಸಿರು ಸಿಪ್ಪೆಯನ್ನೂ ಒಳಗಿನ ಮೆತ್ತನೆ ಪದರವನ್ನೂ ಹೆರೆದು, ಚೌಕ ದಬ್ಬೆ ಮಾಡಿ, ಒಣಗಿಸಿ, ಅಂಟು ಹಚ್ಚಿ ಒತ್ತಿದರೆ ಅದು ಲ್ಯಾಮಿನೇಟೆಡ್ ಬಿದಿರು. ಘನ ಮೀಟರಿಗೆ ಸುಮಾರು 600 ರಿಂದ 700 ಕಿಲೋ ತೂಕ. ಸೀಳಿದ ಬಿದಿರನ್ನು ಜಜ್ಜಿ, ನಾರಿನ ಕಂತೆಗಳಾಗಿ ಬಿಡಿಸಿ, ಅಂಟಿನಲ್ಲಿ ಅದ್ದಿ, ಭಾರಿ ಒತ್ತಡದಲ್ಲಿ ಅಚ್ಚು ಹಾಕಿದರೆ ಅದು ಸ್ಕ್ರಿಂಬರ್. ಅದು 1,000 ರಿಂದ 1,200 ಕಿಲೋ ತೂಗುತ್ತದೆ, ನೀರಿಗೆ ಹಾಕಿದರೆ ಮುಳುಗುವಂಥದ್ದೂ ಇದೆ. ಮೂರನೆಯದು ತೆಳು ದಬ್ಬೆಯ ಚಾಪೆ ಹೆಣೆದು ಪದರ ಪದರವಾಗಿ ಅಂಟಿಸಿದ ಹಲಗೆ. ಮೂರರ ಗುಣವೂ ಬೇರೆ, ಬಳಕೆಯೂ ಬೇರೆ. ಮಾರುವವರು ಮೂರಕ್ಕೂ ಒಂದೇ ಹೆಸರು ಇಟ್ಟಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ.

ಈಗ ‘ಉಕ್ಕಿಗಿಂತ ಗಟ್ಟಿ’ ಅನ್ನುವ ಮಾತು. ಗಳದ ಹೊರಮೈಯಲ್ಲಿ ನಾರು ಒತ್ತೊತ್ತಾಗಿರುತ್ತದೆ. ಆ ನಾರನ್ನು ಮಾತ್ರ ಬೇರ್ಪಡಿಸಿ ಉದ್ದಕ್ಕೆ ಎಳೆದರೆ ಸಾಧಾರಣ ಉಕ್ಕಿನ ಅಂಕಿಗೆ ಹತ್ತಿರ ಹೋಗುತ್ತದೆ. ಆದರೆ ಮನೆ ಕಟ್ಟುವುದು ಒಂಟಿ ನಾರಿನಿಂದಲ್ಲ, ಅಂಟಿಸಿದ ಹಲಗೆಯಿಂದ. ಹಲಗೆಯನ್ನು ಬಾಗಿಸಿ ಮುರಿಯುವ ಪರೀಕ್ಷೆಗಳಲ್ಲಿ ಅದರ ಬಲ ಸರಾಸರಿ 80 ರಿಂದ 120 ಮೆಗಾಪಾಸ್ಕಲ್ (ಬಲ, ಬಿಗಿ ಅಳೆಯುವ ಏಕಮಾನ; ಸಾವಿರ ಸೇರಿದರೆ ಒಂದು ಗಿಗಾಪಾಸ್ಕಲ್) ಆಸುಪಾಸು ಬರುತ್ತದೆ. ಮರಕ್ಕೆ ಹೋಲಿಸಿದರೆ ಇದು ಬಹಳ ಒಳ್ಳೆಯ ಅಂಕಿ. ಆದರೆ ಮಹಡಿಯ ತೊಲೆಯಲ್ಲಿ ಮೊದಲು ಕಾಡುವುದು ಮುರಿಯುವ ಬಲ ಅಲ್ಲ, ಬಾಗುವಿಕೆ. ಇಲ್ಲಿ ಬೇಕಾದದ್ದು ಬಿಗಿ, ಅಂದರೆ ಭಾರ ಬಿದ್ದಾಗ ಬಾಗದೆ ನಿಲ್ಲುವ ಗುಣ. ಬಿದಿರಿನ ಹಲಗೆಯ ಬಿಗಿ ಸುಮಾರು 10 ರಿಂದ 13 ಗಿಗಾಪಾಸ್ಕಲ್, ಒಳ್ಳೆಯ ಮರದಷ್ಟೇ. ಉಕ್ಕಿನದು 200. ಅಂದರೆ ಮರದ ತೊಲೆ ಎಷ್ಟು ಗಾತ್ರ ಬೇಕಿತ್ತೋ, ಬಿದಿರಿನದೂ ಹೆಚ್ಚು ಕಡಿಮೆ ಅಷ್ಟೇ ಬೇಕು. ಗಟ್ಟಿ ಇದೆ ಅಂತ ತೊಲೆ ಸಣ್ಣ ಮಾಡಿದರೆ ಮುರಿಯುವುದಿಲ್ಲ, ಆದರೆ ನಡೆದಾಗ ನೆಲ ಪುಟಿಯುತ್ತದೆ.

ಇದಕ್ಕೆ ದಾರಿ ತೊಲೆಯ ಆಳ, ಅಂದರೆ ಮೇಲಿನಿಂದ ಕೆಳಗಿನ ಅಳತೆ, ಹೆಚ್ಚಿಸುವುದು. ಆಳವನ್ನು ಕಾಲು ಭಾಗ ಹೆಚ್ಚಿಸಿದರೆ ಬಿಗಿ ಸುಮಾರು ಎರಡು ಪಟ್ಟಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಹಾಳೆಯಲ್ಲಿ ಕೊಟ್ಟ ಸರಾಸರಿ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನೂರು ತುಂಡು ಪರೀಕ್ಷಿಸಿದರೆ ತೊಂಬತ್ತೈದು ತುಂಡು ದಾಟುವ ಅಂಕಿ ಯಾವುದೋ ಅದು ಬೇಕು. ಅದರಿಂದಲೂ ತೇವಕ್ಕೆ, ವರ್ಷಗಟ್ಟಲೆ ಕೂರುವ ಭಾರಕ್ಕೆ, ಸುರಕ್ಷತೆಗೆ ಅಂತ ಕಡಿತ ಮಾಡುತ್ತಾ ಬರಬೇಕು. ಕೊನೆಗೆ ಕೈಗೆ ಸಿಗುವುದು ಹಾಳೆಯ ಅಂಕಿಯ ಒಂದು ಪಾಲು ಮಾತ್ರ.

ಹೊಸಗಳ:

ಇಂಜಿನಿಯರಿಂಗ್ ಓದುತ್ತಿದ್ದೇನೆ. ನಿಯಮ, ಮಾನದಂಡ ಅಂತ ಏನಾದರೂ ಇದೆಯಾ? ನಮ್ಮ ಪಾಠದಲ್ಲಿ ಮರ ಇದೆ, ಬಿದಿರು ಇಲ್ಲವೇ ಇಲ್ಲ.

ತೊಲೆಲೆಕ್ಕ:

ಇದೆ. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಐಎಸ್‌ಒ 22156, 2021ರ ಆವೃತ್ತಿ. ಅದು ಇಡೀ ಗಳದಿಂದ ಕಟ್ಟುವ ರಚನೆಗಳಿಗೆ. ಅಂಟಿಸಿ ಮಾಡಿದ ಬಿದಿರನ್ನು ಹೇಗೆ ಪರೀಕ್ಷಿಸಬೇಕು ಅಂತ ಹೇಳುವುದು ಐಎಸ್‌ಒ 23478, 2022ರದ್ದು. ಇವೆರಡನ್ನೂ ಜನ ಕಲಸಿಬಿಡುತ್ತಾರೆ. ಗಳದ ನಿಯಮ ಹಿಡಿದು ಹಲಗೆಯ ಲೆಕ್ಕ ಹಾಕಬಾರದು.

ಹಲಗೆಯಿಂದ ದೊಡ್ಡ ಕೆಲಸ ಆಗಿದೆಯಾ ಅಂದರೆ, ಆಗಿದೆ. ಚೀನಾದ ಹುನಾನ್ ಪ್ರಾಂತ್ಯದ ಲೇಯಾಂಗ್‌ನಲ್ಲಿ 2007ರಲ್ಲಿ ಲ್ಯಾಮಿನೇಟೆಡ್ ಬಿದಿರಿನ ತೊಲೆಗಳ ಮೇಲೆ 10 ಮೀಟರ್ ಉದ್ದದ ಸೇತುವೆ ಕಟ್ಟಿದರು. ಟ್ರಕ್ ಹೋಗುವ ಸೇತುವೆ ಅದು. ಅದರ ಹಿಂದಿದ್ದವರು ಇಂಜಿನಿಯರ್ ಯಾನ್ ಶಿಯಾವ್. ಆ ವಸ್ತುವಿಗೆ ಗ್ಲೂಬ್ಯಾಮ್ ಅಂತ ಹೆಸರಿಟ್ಟರು. ಅದರಲ್ಲಿ ಒಂದು ಜಾಣತನ ಇದೆ. ನಾರೆಲ್ಲ ಒಂದೇ ದಿಕ್ಕಿಗೆ ಇರುವುದಿಲ್ಲ. ಉದ್ದಕ್ಕೆ ನಾಲ್ಕು ಪಾಲು, ಅಡ್ಡಕ್ಕೆ ಒಂದು ಪಾಲು ಇಟ್ಟು ಹಲಗೆ ಮಾಡುತ್ತಾರೆ.

ಉಳಿಕೆಲಸ:

ಆ ಅಡ್ಡ ಪಾಲು ಯಾಕೆ ಬೇಕು ಅಂತ ಬಡಗಿಗಳಿಗೆ ಕೇಳಿ, ತಕ್ಷಣ ಹೇಳುತ್ತಾರೆ. ನಾನು ಮರಗೆಲಸದವಳು. ಬಿದಿರಿನ ಹಲಗೆಯಲ್ಲಿ ಬಾಗಿಲು, ಮೆಟ್ಟಿಲು, ಗೋಡೆಯ ಚೌಕಟ್ಟು ಎಲ್ಲ ಮಾಡಿದ್ದೇನೆ.

ಮರದಲ್ಲಿ ನಡುವಿನಿಂದ ಹೊರಗೆ ಹೋಗುವ ಅಡ್ಡ ಕೋಶಗಳಿವೆ. ಬಿದಿರಿನಲ್ಲಿ ಅವು ಇಲ್ಲ. ನಾರೆಲ್ಲ ಉದ್ದಕ್ಕೇ. ಅದಕ್ಕೇ ಕತ್ತಿ ಇಟ್ಟು ಒಂದು ಏಟು ಕೊಟ್ಟರೆ ಗಳ ತುದಿಯವರೆಗೂ ಸೀಳಿ ಹೋಗುತ್ತದೆ. ಹಲಗೆ ಮಾಡಿದ ಮೇಲೂ ಆ ಗುಣ ಪೂರ್ತಿ ಬಿಡುವುದಿಲ್ಲ. ನಾರಿನ ಉದ್ದಕ್ಕೆ ಎಳೆದರೆ ಏನೂ ಆಗುವುದಿಲ್ಲ, ಅಡ್ಡಕ್ಕೆ ಎಳೆದರೆ ಬಿರಿಯುತ್ತದೆ.

ಹಾಗಾಗಿ ಅಂಚಿಗೆ ಹತ್ತಿರ ಸ್ಕ್ರೂ ಹಾಕಬೇಡಿ. ಪ್ರತಿಯೊಂದಕ್ಕೂ ಮೊದಲೇ ತೂತು ಕೊರೆಯಿರಿ. ಸ್ಕ್ರಿಂಬರಿಗೆ ಸುಮ್ನೆ ಮೊಳೆ ಹೊಡೆಯಲು ಹೋದರೆ ಮೊಳೆಯೇ ಬಾಗುತ್ತದೆ. ಬೋಲ್ಟ್ ಹಾಕುವಾಗ ಒಂದೇ ಸಾಲಿನಲ್ಲಿ ಒತ್ತಾಗಿ ಹಾಕಿದರೆ ಆ ಸಾಲೇ ಸೀಳು ಬಿಡುವ ಗೆರೆ ಆಗುತ್ತದೆ. ಬಿದಿರಿನಲ್ಲಿ ಸಿಲಿಕಾ ಇರುವುದರಿಂದ ಗರಗಸದ ಬ್ಲೇಡು ಬೇಗ ಮೊಂಡಾಗುತ್ತದೆ, ಕಾರ್ಬೈಡ್ ಹಲ್ಲಿನ ಬ್ಲೇಡೇ ಬೇಕು. ಧೂಳು ತುಂಬಾ ಸಣ್ಣದು. ಮಾಸ್ಕ್ ಇಲ್ಲದೆ ಕೊಯ್ಯಲು ನನ್ನ ಹುಡುಗರಿಗೆ ಬಿಡುವುದಿಲ್ಲ.

ತೂಕವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. 1.2 ಮೀಟರ್ ಅಗಲ, 2.4 ಮೀಟರ್ ಉದ್ದ, 20 ಮಿಲಿಮೀಟರ್ ದಪ್ಪದ ಹಲಗೆ ಲ್ಯಾಮಿನೇಟೆಡ್ ಆದರೆ 37 ಕಿಲೋ ಆಸುಪಾಸು. ಸ್ಕ್ರಿಂಬರ್ ಆದರೆ 60 ಕಿಲೋ ದಾಟುತ್ತದೆ. ಮೇಲಿನ ಮಹಡಿಗೆ ಎತ್ತುವವರು ಮನುಷ್ಯರು.

ನನ್ನ ಮಟ್ಟಿಗೆ ಈ ವಸ್ತುವಿನ ಕೆಲಸ ಅಂದರೆ ಜೋಡಣೆಯ ಕೆಲಸ. ಹಲಗೆಯ ನಡುಭಾಗ ಮುರಿದಿದ್ದನ್ನು ನಾನು ನೋಡಿಲ್ಲ. ಬಿಟ್ಟಿದ್ದೆಲ್ಲ ಜೋಡಣೆಯ ಹತ್ತಿರವೇ, ಇಲ್ಲವೇ ಅಂಟಿನ ಗೆರೆಯಲ್ಲಿ. ಒಮ್ಮೆ ಒಬ್ಬ ಪೂರೈಕೆದಾರರಿಂದ ಬಂದ ಹಲಗೆಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪುಸ್ತಕದ ಹಾಳೆಗಳ ಹಾಗೆ ಪದರ ಬಿಟ್ಟವು. ಬಿದಿರಿಗೆ ಏನೂ ಆಗಿರಲಿಲ್ಲ. ಅಂಟು ಮನೆಯೊಳಗಿನ ಪೀಠೋಪಕರಣಕ್ಕೆ ಬಳಸುವಂಥದ್ದು, ಹಲಗೆ ಮಾತ್ರ ಹೊರಗೋಡೆಗೆ ಅಂತ ಮಾರಿದ್ದು.

ಬೆಟ್ಟದಬೇರು:

ಭೂಕಂಪದ ವಿಷಯ ಯಾರೂ ಎತ್ತಿಲ್ಲ. 1991ರಲ್ಲಿ ಕೋಸ್ಟಾರಿಕಾದ ಲಿಮೋನ್ ಭೂಕಂಪ ಆದಾಗ ಅದರ ಕೇಂದ್ರದ ಹತ್ತಿರವೇ ಇದ್ದ ಬಿದಿರಿನ ಮನೆಗಳು ನಿಂತವು, ಸುತ್ತಲಿನ ಕಾಂಕ್ರೀಟ್ ಕಟ್ಟಡಗಳು ಬಿದ್ದವು. ಬಿದಿರು ಹಗುರ, ಬಾಗುತ್ತದೆ. ಭೂಕಂಪದಲ್ಲಿ ಕಟ್ಟಡ ಎಷ್ಟು ಭಾರವೋ ಅದರ ಮೇಲೆ ಬೀಳುವ ಬಲವೂ ಅಷ್ಟು ಜಾಸ್ತಿ. ಪ್ಯಾನೆಲ್ ಮನೆಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾ?

ತೊಲೆಲೆಕ್ಕ:

ಆ ಮನೆಗಳು ನಿಂತದ್ದು ನಿಜ, ಹಗುರ ಅನ್ನುವ ಮಾತೂ ನಿಜ. ಆದರೆ ಅವು ಗಳ, ದಬ್ಬೆ ಮತ್ತು ಮೇಲೆ ಗಾರೆ ಹಾಕಿದ ಗೋಡೆಗಳು. ಅಂಟಿಸಿದ ಹಲಗೆ ಅಲ್ಲ. ಅಲ್ಲಿ ಬಲವನ್ನು ನುಂಗಿದ್ದು ಹೆಣಿಗೆ, ಕಟ್ಟು, ಗಾರೆಯ ಬಿರುಕು, ಎಲ್ಲ ಸೇರಿ.

ಪ್ಯಾನೆಲ್ ಗೋಡೆಯಲ್ಲಿ ಹಲಗೆ ಒಂದು ಗಟ್ಟಿ ತಟ್ಟೆ. ಅದು ತಾನಾಗಿ ಬಾಗಿ ಬಲ ನುಂಗುವುದಿಲ್ಲ. ಆ ಕೆಲಸವನ್ನು ಅಂಚಿನ ಸ್ಕ್ರೂಗಳು, ಉಕ್ಕಿನ ತಟ್ಟೆಗಳು, ಅಡಿಪಾಯಕ್ಕೆ ಹಿಡಿದಿಡುವ ಕೊಂಡಿಗಳು ಮಾಡಬೇಕು. ಲೋಹ ಬಾಗಬೇಕು, ಬಿದಿರು ಸೀಳಬಾರದು. ಹಾಗೆ ವಿನ್ಯಾಸ ಮಾಡಿದರೆ ಹಗುರವಾದ ಗೋಡೆ ಭೂಕಂಪಕ್ಕೆ ಖಂಡಿತ ಒಳ್ಳೆಯದು. ಜೋಡಣೆ ಸರಿ ಇಲ್ಲದಿದ್ದರೆ ಬಿದಿರು ಅನ್ನುವ ಹೆಸರು ಯಾರನ್ನೂ ಉಳಿಸುವುದಿಲ್ಲ. ಉಳಿಕೆಲಸ ಹೇಳಿದ್ದೂ ಇದನ್ನೇ.

ಬೆಟ್ಟದಬೇರು:

ಒಪ್ಪುತ್ತೇನೆ. ಆದರೂ ಗಳದಿಂದ ಕಟ್ಟುವವರ ಅನುಭವವನ್ನು ಬದಿಗೆ ಸರಿಸಬೇಡಿ. ಕೊಲಂಬಿಯಾದ ವಾಸ್ತುಶಿಲ್ಪಿ ಸಿಮೋನ್ ವೆಲೆಜ್ ಜರ್ಮನಿಯ ಹ್ಯಾನೋವರ್‌ನಲ್ಲಿ ನಡೆದ ವಿಶ್ವ ಮೇಳ ಎಕ್ಸ್‌ಪೋ 2000ಕ್ಕೆ ಗುವಾಡುವಾ ಜಾತಿಯ ಬಿದಿರಿನ ದೊಡ್ಡ ಮಂಟಪ ಕಟ್ಟುವ ಮೊದಲು ಅದೇ ಅಳತೆಯ ಇನ್ನೊಂದನ್ನು ತಮ್ಮ ದೇಶದ ಮನಿಸಾಲೆಸ್‌ನಲ್ಲಿ ಕಟ್ಟಿ ತೋರಿಸಿದ್ದರು. ಕಾಗದದ ಮೇಲೆ ಒಪ್ಪಿಗೆ ಸಿಗದ ವಸ್ತುವಿಗೆ ಕಟ್ಟಿ ತೋರಿಸುವುದೇ ದಾರಿ. ಪ್ಯಾನೆಲ್‌ನವರೂ ಅಂಥ ಶ್ರಮ ಹಾಕಬೇಕು ಅಂತ ನನಗನಿಸುತ್ತದೆ.

ರಾಳದರುಚಿ:

ಅಂಟು ತಯಾರಿಸುವ, ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಉಳಿಕೆಲಸ ಹೇಳಿದ ಪದರ ಬಿಟ್ಟ ಹಲಗೆಯ ಕಥೆ ನಮಗೆ ಬಹಳ ಪರಿಚಿತ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಈ ಹಲಗೆಯ ಆಯಸ್ಸು ನಿರ್ಧಾರ ಆಗುವುದು ಇಲ್ಲೇ.

ಅಗ್ಗದ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ಬಣ್ಣ ತಿಳಿ, ಹಲಗೆ ನೋಡಲು ಚೆನ್ನಾಗಿ ಕಾಣುತ್ತದೆ. ಬೆಚ್ಚಗೆ, ತೇವವಾಗಿ ಇರುವ ಜಾಗದಲ್ಲಿ ಅದರ ಬಂಧ ನಿಧಾನಕ್ಕೆ ಒಡೆಯುತ್ತದೆ. ಒಡೆಯುವಾಗ ಫಾರ್ಮಾಲ್ಡಿಹೈಡ್ ಹೊರಗೆ ಬಿಡುತ್ತದೆ. ಭಾರ ಹೊರುವ ಗೋಡೆಗೆ ಇದು ಬೇಡವೇ ಬೇಡ. ಮೆಲಮೈನ್ ಸೇರಿಸಿದರೆ ತೇವ ತಡೆಯುವ ಶಕ್ತಿ ಹೆಚ್ಚುತ್ತದೆ. ಫೀನಾಲ್ ಫಾರ್ಮಾಲ್ಡಿಹೈಡ್ ಕಪ್ಪು ಕೆಂಪು ಬಣ್ಣದ್ದು, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಒಮ್ಮೆ ಗಟ್ಟಿಯಾದ ಮೇಲೆ ಅದರಿಂದ ಹೊರಬರುವ ಅನಿಲ ಬಹಳ ಕಡಿಮೆ. ಸ್ಕ್ರಿಂಬರ್ ಸಾಮಾನ್ಯವಾಗಿ ಇದರಲ್ಲೇ ಆಗುವುದು. ಪಾಲಿಯುರೆಥೇನ್‌ನಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ. ಆದರೆ ಕಾರ್ಖಾನೆಯಲ್ಲಿ ಅದರ ಕಚ್ಚಾ ರಾಸಾಯನಿಕವಾದ ಐಸೊಸಯನೇಟ್ ಜೊತೆ ಕೆಲಸ ಮಾಡುವವರಿಗೆ ರಕ್ಷಣೆ ಬೇಕು. ಅದರ ಕೆಲವು ಬಗೆಗಳು ಬಿಸಿಗೆ ಮೆತ್ತಗಾಗುತ್ತವೆ.

ಈ ಕೊನೆಯ ಮಾತು ಬೆಂಕಿಗೆ ಸಂಬಂಧಿಸಿದ್ದು. ದಪ್ಪ ಮರ ಉರಿಯುವಾಗ ಹೊರಗೆ ಇದ್ದಿಲಿನ ಪದರ ಕಟ್ಟುತ್ತದೆ. ಆ ಪದರ ಒಳಗಿನ ಮರವನ್ನು ಕಾಯುತ್ತದೆ. ಮೆತ್ತನೆ ಮರಕ್ಕೆ ನಿಮಿಷಕ್ಕೆ 0.65 ಮಿಲಿಮೀಟರ್ ಸುಡುತ್ತದೆ ಅಂತ ಯುರೋಪಿನ ನಿಯಮ ಲೆಕ್ಕ ಹಿಡಿಯುತ್ತದೆ. ಅರ್ಧ ಗಂಟೆಗೆ ಸುಮಾರು 20 ಮಿಲಿಮೀಟರ್. ದಪ್ಪ ಬಿದಿರಿನ ಹಲಗೆಯೂ ಇದೇ ರೀತಿ ಇದ್ದಿಲು ಕಟ್ಟುತ್ತದೆ. ಟೊಳ್ಳಾದ ಗಳಕ್ಕೆ ಈ ಅನುಕೂಲ ಇಲ್ಲ, ಅದರ ಗೋಡೆ ತೆಳು. ಆದರೆ ಅಂಟು ಬಿಸಿಗೆ ಬಿಟ್ಟುಕೊಟ್ಟರೆ ಇದ್ದಿಲಾದ ಪದರ ಕಳಚಿ ಬೀಳುತ್ತದೆ, ಹೊಸ ಮೈ ಬೆಂಕಿಗೆ ತೆರೆದುಕೊಳ್ಳುತ್ತದೆ, ಆರುತ್ತಿದ್ದ ಬೆಂಕಿ ಮತ್ತೆ ಏಳುತ್ತದೆ. ಅಡ್ಡ ಉದ್ದ ಪದರದ ಮರದ ಹಲಗೆಗಳಲ್ಲಿ ಇದನ್ನು ಕಂಡ ಮೇಲೆ ಉತ್ತರ ಅಮೆರಿಕದ ಪಿಆರ್‌ಜಿ 320 ಮಾನದಂಡ 2018ರಲ್ಲಿ ಅಂಟಿಗೆ ಬಿಸಿಯ ಪರೀಕ್ಷೆಯನ್ನು ಬಿಗಿ ಮಾಡಿತು. ಬಿದಿರಿನವರು ಅದರಿಂದ ಕಲಿಯಬೇಕು. 20 ಮಿಲಿಮೀಟರ್ ಹಲಗೆ ಒಂದೇ ಇದ್ದರೆ ಅರ್ಧ ಗಂಟೆಯಲ್ಲಿ ಉಳಿಯುವುದು ಏನೂ ಇಲ್ಲ, ಜಿಪ್ಸಮ್ ಬೋರ್ಡಿನ ಹೊದಿಕೆ ಬೇಕೇ ಬೇಕು.

ಮೆಳೆನೆರಳು:

ಮನೆಯಲ್ಲಿ ಚಿಕ್ಕ ಮಕ್ಕಳಿರುತ್ತಾರೆ. ಫಾರ್ಮಾಲ್ಡಿಹೈಡ್ ಬಗ್ಗೆ ನಿಜವಾಗಿ ಹೆದರಬೇಕಾ?

ರಾಳದರುಚಿ:

ಸರಿಯಾದ ಅಂಟು ಆಯ್ದುಕೊಂಡರೆ ಹೆದರಬೇಕಿಲ್ಲ. ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ವರ್ಗೀಕರಿಸಿದೆ, ಹಾಗಾಗಿ ಕೇಳುವುದು ಸರಿ. ಹಲಗೆ ಫಾರ್ಮಾಲ್ಡಿಹೈಡ್ ಹೊರಸೂಸುವ ಪ್ರಮಾಣ ಯುರೋಪಿನ ಇ1 ಅನ್ನುವ ಮಿತಿಯೊಳಗೆ ಇದೆ ಅನ್ನುವ ಪರೀಕ್ಷಾ ವರದಿ ಕೇಳಿ. ವರದಿ ಅದೇ ಹಲಗೆಯದ್ದಾಗಿರಬೇಕು, ಅದೇ ಕಾರ್ಖಾನೆಯ ಬೇರೆ ಯಾವುದೋ ಉತ್ಪನ್ನದ್ದಲ್ಲ.

ಉಳಿಕೆಲಸ:

ಹುಳ, ತೇವದ ಬಗ್ಗೆಯೂ ಹೇಳಿಬಿಡುತ್ತೇನೆ. ತೇಗದಂಥ ಮರಕ್ಕೆ ತನ್ನದೇ ರಕ್ಷಣೆ ಇದೆ, ಅದರ ತಿರುಳಿನಲ್ಲಿರುವ ರಾಸಾಯನಿಕ ಹುಳವನ್ನು ದೂರ ಇಡುತ್ತದೆ. ಬಿದಿರಿಗೆ ಅಂಥ ತಿರುಳು ಇಲ್ಲ. ಇರುವುದು ಪಿಷ್ಟ. ಕುಟ್ಟೆ ಹುಳಕ್ಕೆ ಅದೇ ಬೇಕಾದದ್ದು. ಪಿಷ್ಟ ಕಡಿಮೆ ಇರುವ ಕಾಲದಲ್ಲಿ, ಬಲಿತ ಗಳವನ್ನೇ ಕಡಿಯಬೇಕು. ಎಳೆ ಗಳ ಸೇರಿಸಿದರೆ ಒಣಗಿದಾಗ ಸುಕ್ಕಾಗುತ್ತದೆ, ಹುಳವೂ ಬೇಗ ಹಿಡಿಯುತ್ತದೆ.

ದಬ್ಬೆಯನ್ನು ಬೋರಿಕ್ ಆಸಿಡ್ ಮತ್ತು ಬೋರ್ಯಾಕ್ಸ್ ನೀರಿನಲ್ಲಿ ನೆನೆಸಿದರೆ ಹುಳ, ಗೆದ್ದಲು ಎರಡಕ್ಕೂ ತಡೆ. ಮನುಷ್ಯರಿಗೆ ಅಷ್ಟು ಅಪಾಯ ಇಲ್ಲ. ಆದರೆ ಆ ಉಪ್ಪು ಮಳೆ ನೀರಿಗೆ ಕರಗಿ ಹೋಗುತ್ತದೆ, ಹೊರಮೈಗೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ಆವಿಯಲ್ಲಿ ಬೇಯಿಸಿ ಕಂದು ಮಾಡಿದ ಬಿದಿರಿನಲ್ಲಿ ಸಕ್ಕರೆ, ಪಿಷ್ಟ ಕಡಿಮೆ ಆಗುತ್ತದೆ. ಜೊತೆಗೆ ಸ್ವಲ್ಪ ಮೆತ್ತಗೂ ಆಗುತ್ತದೆ.

ಹಲಗೆ ಬಂದ ಕೂಡಲೇ ಜೋಡಿಸಬೇಡಿ. ಕಟ್ಟಡದ ಗಾಳಿಗೆ ಹೊಂದಿಕೊಳ್ಳಲು ಬಿಡಿ. ನಡುವೆ ಸಣ್ಣ ಸಂದು ಕೊಡಿ. ಕೊಯ್ದ ಅಂಚುಗಳೇ ನೀರು ಕುಡಿಯುವ ಬಾಯಿ, ಪ್ರತಿ ಅಂಚಿಗೂ ಸೀಲರ್ ಹಚ್ಚಿ. ಸ್ನಾನದ ಮನೆ ಗೋಡೆಗೆ ಇದು ಬೇಡ, ಅಲ್ಲಿ ಇಟ್ಟಿಗೆಯೇ ಸರಿ. ನೆಲದಿಂದ ಗೋಡೆ ಎತ್ತರದಲ್ಲಿ ಶುರುವಾಗಲಿ, ಮೇಲೆ ಅಗಲವಾದ ಸೂರು ಇರಲಿ. ಯಾವ ರಾಸಾಯನಿಕಕ್ಕಿಂತಲೂ ಆ ಸೂರು ಹೆಚ್ಚು ಕಾಲ ಕಾಯುತ್ತದೆ.

ಎಲೆಕಂಪು:

ಪರಿಸರದ ಕಡೆಯಿಂದ ಮಾತು ಸೇರಿಸುತ್ತೇನೆ. ಬಿದಿರನ್ನು ಪ್ರೀತಿಸುವವಳಾಗಿಯೇ ಹೇಳುತ್ತಿದ್ದೇನೆ, ಗಿಡ ಬೇಗ ಬೆಳೆಯುತ್ತದೆ ಅಂದ ಮಾತ್ರಕ್ಕೆ ಹಲಗೆ ಒಳ್ಳೆಯದಾಗುವುದಿಲ್ಲ.

ಒಣಗಿದ ಬಿದಿರಿನ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಕಿಲೋ ಒಣ ಬಿದಿರು ಗಾಳಿಯಿಂದ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಹೀರಿ ಆದದ್ದು. ಮೆಳೆಯಲ್ಲಿ ಹಾಗೇ ಬಿಟ್ಟರೆ ಗಳ ಮುಪ್ಪಾಗಿ ಸತ್ತು, ಕೊಳೆತು, ಅದನ್ನು ವಾಪಸ್ ಬಿಡುತ್ತದೆ. ಅದಕ್ಕೇ ಬಲಿತ ಗಳವನ್ನು ಆರಿಸಿ ಕಡಿದು, ದಶಕಗಟ್ಟಲೆ ನಿಲ್ಲುವ ಗೋಡೆ ಮಾಡಿದರೆ ನಿಜವಾದ ಲಾಭ. ಹಲಗೆ ಬೇಗ ಹಾಳಾದರೆ ಆ ಲಾಭ ಇಲ್ಲ. ಅಂಟಿನ ಮಾತು ಪರಿಸರದ ಮಾತೂ ಹೌದು.

ಕಾರ್ಖಾನೆಯಲ್ಲಿ ಎಷ್ಟು ವ್ಯರ್ಥ ಆಗುತ್ತದೆ ಅನ್ನುವುದನ್ನೂ ನೋಡಿ. ದುಂಡನೆಯ ಟೊಳ್ಳು ಗಳದಿಂದ ಚೌಕ ದಬ್ಬೆ ತೆಗೆಯುವಾಗ ಅರ್ಧಕ್ಕಿಂತ ಹೆಚ್ಚು ಪುಡಿ, ಸಿಪ್ಪೆ ಆಗಿ ಹೋಗುತ್ತದೆ. ಸ್ಕ್ರಿಂಬರಿನಲ್ಲಿ ಹೆಚ್ಚಿನ ಪಾಲು ಹಲಗೆಗೇ ಸೇರುತ್ತದೆ, ಆದರೆ ಅದಕ್ಕೆ ಅಂಟೂ ಜಾಸ್ತಿ, ಒತ್ತುವ ಶಕ್ತಿಯೂ ಜಾಸ್ತಿ. ಆ ಪುಡಿಯನ್ನು ಸುಟ್ಟು ಒಣಗಿಸುವ ಕೋಣೆಗೆ ಬಿಸಿ ಕೊಡುವ ಕಾರ್ಖಾನೆಗೂ, ಕಲ್ಲಿದ್ದಲಿನ ವಿದ್ಯುತ್ತಿನಿಂದ ಒಣಗಿಸುವ ಕಾರ್ಖಾನೆಗೂ ಬಹಳ ವ್ಯತ್ಯಾಸ ಇದೆ. ಹಲಗೆ ಸಮುದ್ರ ದಾಟಿ ಬಂದರೆ ಅದರ ಲೆಕ್ಕವೂ ಸೇರುತ್ತದೆ.

ನನಗೆ ಹೆಚ್ಚು ಚಿಂತೆ ಇರುವುದು ತೋಟದ ಬಗ್ಗೆ. ಕಾರ್ಖಾನೆಗಳಿಗೆ ಒಂದೇ ಜಾತಿ, ಒಂದೇ ದಪ್ಪ ಬೇಕು. ಚೀನಾದ ಉದ್ಯಮ ಬಹುತೇಕ ಮೋಸೊ ಬಿದಿರಿನ ಮೇಲೆ ನಿಂತಿದೆ. ಅದು ಬೇರು ಹರಿಸಿ ಓಡುವ ಜಾತಿ. ಜಪಾನಿನಲ್ಲಿ ನೋಡಿಕೊಳ್ಳುವವರಿಲ್ಲದ ಮೋಸೊ ತೋಪುಗಳು ಪಕ್ಕದ ಕಾಡಿಗೆ ನುಗ್ಗಿ ಬೇರೆ ಮರಗಳನ್ನು ಮುಚ್ಚುತ್ತಿವೆ. ಮೆಳೆ ಕಟ್ಟುವ ಜಾತಿಗಳು ಹಾಗೆ ಓಡುವುದಿಲ್ಲ. ಇನ್ನು ಹೂ ಬಿಡುವ ವಿಷಯ. ಅನೇಕ ಬಿದಿರುಗಳು ದಶಕಗಳಿಗೊಮ್ಮೆ ಒಟ್ಟಿಗೆ ಹೂ ಬಿಟ್ಟು ಒಟ್ಟಿಗೆ ಸಾಯುತ್ತವೆ. ಮೆಲೊಕಾನಾ ಬ್ಯಾಕಿಫೆರಾ ಜಾತಿಗೆ ಈ ಸುತ್ತು ಸುಮಾರು 48 ವರ್ಷ. ಒಂದೇ ಜಾತಿಯ ತೋಟ ನಂಬಿದ ಕಾರ್ಖಾನೆಗೆ ಆ ವರ್ಷ ಕಚ್ಚಾ ವಸ್ತುವೇ ಇರುವುದಿಲ್ಲ, ತೋಟದವರಿಗೆ ಆದಾಯವೂ ಇಲ್ಲ. ಬೇರೆ ಬೇರೆ ಜಾತಿಗಳಿಗೆ ಹೊಂದುವ ಯಂತ್ರ, ಪರೀಕ್ಷೆ ಬರಬೇಕು. ಇದಕ್ಕೆ ಸಂಶೋಧಕರು ಕೈ ಹಾಕಬೇಕು ಅಂತ ನನ್ನ ಕಳಕಳಿಯ ಕೋರಿಕೆ. ಹೊಸಗಳ, ನಿಮಗೇ ಹೇಳುತ್ತಿದ್ದೇನೆ.

ಹೊಸಗಳ:

ಕೇಳಿಸಿತು. ಬೇರೆ ಜಾತಿಯ ದಬ್ಬೆಗಳನ್ನು ಬೆರೆಸಿ ಮಾಡಿದ ಹಲಗೆಯ ಬಿಗಿ ಹೇಗೆ ಬದಲಾಗುತ್ತದೆ ಅನ್ನುವುದು ಒಳ್ಳೆಯ ಪ್ರಾಜೆಕ್ಟ್ ಆಗಬಹುದು. ಮಾರ್ಗದರ್ಶಕರ ಹತ್ತಿರ ಮಾತಾಡುತ್ತೇನೆ.

ಮೆಳೆನೆರಳು:

ಎಲ್ಲರಿಗೂ ಧನ್ಯವಾದ. ನಕ್ಷೆ ಬದಲಾಯಿಸುತ್ತಿದ್ದೇನೆ. ಮೇಲಿನ ಮಹಡಿಗೆ ಲ್ಯಾಮಿನೇಟೆಡ್ ಬಿದಿರಿನ ತೊಲೆ, ಆಳ ಮೊದಲಿಗಿಂತ ಜಾಸ್ತಿ. ಗೋಡೆಗೆ ಅಡ್ಡ ಪದರ ಇರುವ ಹಲಗೆ, ಒಳಗಡೆ ಜಿಪ್ಸಮ್ ಹೊದಿಕೆ. ಸ್ನಾನದ ಮನೆ ಮತ್ತು ನೆಲಮಟ್ಟದ ಮೊದಲ ಅಡಿ ಇಟ್ಟಿಗೆಯಲ್ಲಿ. ಸೂರನ್ನು ಅಗಲ ಮಾಡಿದ್ದೇನೆ.

ಪೂರೈಕೆದಾರರಿಗೆ ಕೇಳಲು ಹೊರಟಿರುವುದು ಇಷ್ಟು: ಯಾವ ಜಾತಿ, ಎಷ್ಟು ವರ್ಷದ ಗಳ, ಯಾವ ಅಂಟು, ಹುಳಕ್ಕೆ ಏನು ಮಾಡಿದ್ದೀರಿ, ಎಷ್ಟು ತೇವಾಂಶಕ್ಕೆ ಒಣಗಿಸಿದ್ದೀರಿ, ಯಾವ ಮಾನದಂಡದಂತೆ ಪರೀಕ್ಷಿಸಿದ್ದೀರಿ. ‘ಎಷ್ಟು ಗಟ್ಟಿ’ ಅನ್ನುವುದನ್ನು ಕೊನೆಗೆ ಇಟ್ಟಿದ್ದೇನೆ. ಇನ್ನೇನಾದರೂ ಬಿಟ್ಟಿದ್ದೇನಾ?

ರಾಳದರುಚಿ:

ಒಂದು ಮಾದರಿ ತುಂಡು ತರಿಸಿ. ಅಂಗೈಯಷ್ಟು ಅಗಲಕ್ಕೆ ಕೊಯ್ದು ಕೆಲವು ಗಂಟೆ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ. ಅಂಟಿನ ಗೆರೆಗೆ ಉಳಿ ಇಟ್ಟು ಮೀಟಿ. ಬಿದಿರಿನ ನಾರು ಹರಿದು ಬಂದರೆ ಅಂಟು ಚೆನ್ನಾಗಿದೆ. ಗೆರೆಯೇ ನುಣ್ಣಗೆ ಬಿಟ್ಟುಕೊಂಡರೆ ಆ ಹಲಗೆ ವಾಪಸ್ ಕಳಿಸಿ. ಪ್ರಯೋಗಾಲಯದ ವರದಿಗೆ ಇದು ಬದಲಿ ಅಲ್ಲ, ಆದರೆ ಕೆಟ್ಟ ಮಾಲು ಮೊದಲ ದಿನವೇ ಗೊತ್ತಾಗುತ್ತದೆ.

ತೊಲೆಲೆಕ್ಕ:

ಜೋಡಣೆಯ ಪರೀಕ್ಷೆ ಬಿಟ್ಟಿದ್ದೀರಿ. ನೀವು ಬಳಸುವ ಅದೇ ಹಲಗೆ, ಅದೇ ಸ್ಕ್ರೂ, ಅದೇ ಅಂಚಿನ ಅಂತರ ಇಟ್ಟು ಕೆಲವು ಮಾದರಿ ಮಾಡಿಸಿ, ಹತ್ತಿರದ ಪ್ರಯೋಗಾಲಯದಲ್ಲಿ ಎಳೆಸಿ ನೋಡಿ. ಆ ಅಂಕಿ ಬಂದ ಮೇಲೆ ಇಲ್ಲಿ ಹಾಕಿ, ಗೋಡೆಯ ಅಂಚಿಗೆ ಎಷ್ಟು ಸ್ಕ್ರೂ ಬೇಕು ಅಂತ ಲೆಕ್ಕ ಮಾಡೋಣ.